ಡೆಲ್ಬರ್ಟನ ಸರದಿ

ಡೆಲ್ಬರ್ಟ್ ಮಲಗುವುದು ಕುರ್ಚಿಯಲ್ಲಿ. ಹಾಸಿಗೆಗೆ ಬೆನ್ನು ಹಚ್ಚಿದರೆ ಉಸಿರು ಕಟ್ಟುತ್ತದೆ. ನನ್ನ ಅಣ್ಣನ ಮಗ, ಗಣಿಯಾಳು, ಇನ್ನೂ ನಲವತ್ತು ತುಂಬಿಲ್ಲ. ನಮ್ಮ ವೆಸ್ಟ್ ವರ್ಜೀನಿಯಾದ ಬೆಟ್ಟಗಳಲ್ಲಿ ದಪ್ಪ ಕಲ್ಲಿದ್ದಲೆಲ್ಲ ನಮ್ಮ ಕಾಲಕ್ಕೇ ಮುಗಿಯಿತು. ಈಗ ಉಳಿದಿರುವುದು ತೆಳ್ಳನೆಯ ಪದರ. ಬಂಡೆ ಕೊರೆದೇ ಅದನ್ನು ಮುಟ್ಟಬೇಕು. ಆ ಬಂಡೆಯ ಧೂಳು ಎದೆಗಿಳಿದರೆ ಮತ್ತೆ ಹೊರಗೆ ಬರುವುದಿಲ್ಲ.

ಮೊದಲು ಸರ್ಕಾರದ ಎಕ್ಸ್‌ರೇ ಗಾಡಿ ಚರ್ಚಿನ ಹಿಂದೆ ಬಂದು ನಿಲ್ಲುತ್ತಿತ್ತು. ಅರ್ಡಿತ್ ಎಂಬ ಹೆಂಗಸು ಎದೆಯ ಚಿತ್ರ ತೆಗೆಯುತ್ತಿದ್ದಳು. ಸರ್ಕಾರದ ವೈದ್ಯರು ಅದನ್ನು ನೋಡಿ ರೋಗ ಇದೆ ಎಂದರೆ ಮುಗಿಯಿತು, ಕಂಪನಿ ಆ ಆಳನ್ನು ಧೂಳು ಕಡಿಮೆ ಇರುವ ಕಡೆ ಹಾಕಲೇಬೇಕು, ಕೂಲಿ ಮುರಿಯುವಂತಿಲ್ಲ. ನಮ್ಮವರು ಕೆಮ್ಮಿ ಕೆಮ್ಮಿ ಸತ್ತು ಗಳಿಸಿದ ಕಾನೂನು ಅದು.

ಡೆಲ್ಬರ್ಟನ ಚಿತ್ರ ತೆಗೆದ ಮರುವಾರವೇ ಅರ್ಡಿತ್‌ಳನ್ನೂ ವೈದ್ಯರನ್ನೂ ಕೆಲಸದಿಂದ ತೆಗೆದರು. ದುಂದುವೆಚ್ಚವಂತೆ. ಅವನ ಚಿತ್ರವನ್ನು ನೋಡುವವರೇ ಇಲ್ಲವಾದರು. ಕಾನೂನು ಹಾಗೇ ಇದೆ, ನಡೆಸುವವರಿಲ್ಲ. ಮೇಸ್ತ್ರಿಯನ್ನು ಕೇಳಿದರೆ, ವೈದ್ಯರು ಹೇಳಲಿ, ಬದಲಾಯಿಸುತ್ತೇನೆ ಎಂದು ನಕ್ಕ. ಅರ್ಡಿತ್ ಈಗ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಸಿಗರೇಟು ಮಾರುತ್ತಾಳೆ. ಡೆಲ್ಬರ್ಟನನ್ನು ಕಂಡರೆ ತಲೆ ತಗ್ಗಿಸುತ್ತಾಳೆ, ತಪ್ಪು ತನ್ನದೇ ಎಂಬ ಹಾಗೆ.

ಹೀಗೆ ಖರ್ಚಿಗೆ ಕತ್ತರಿ ಹಾಕಿದವರಿಗೆ ಮತ ಕೊಟ್ಟಿದ್ದು ನಮ್ಮ ಕಣಿವೆಯೇ. ಕೂತು ತಿನ್ನುವ ಸರ್ಕಾರಿ ನೌಕರರನ್ನು ಓಡಿಸುತ್ತೇವೆ ಎಂದಿದ್ದರು. ಅಂಥವರು ದೂರದ ರಾಜಧಾನಿಯಲ್ಲಿರುತ್ತಾರೆ ಎಂದುಕೊಂಡಿದ್ದೆವು. ಅರ್ಡಿತ್‌ಳನ್ನು ಯಾರೂ ಹಾಗೆ ಎಣಿಸಿರಲಿಲ್ಲ.

ಸಂಸತ್ತಿಗೆ ನಾವು ಕಳಿಸಿದ ಪ್ರತಿನಿಧಿ ವಿಟೇಕರ್ ಶಾಲೆಯಲ್ಲಿ ಸಭೆ ಕರೆದ. ಒಬ್ಬೊಬ್ಬರಿಗೆ ಎರಡು ನಿಮಿಷ. ಬೇಡವಾದರೆ ತಮ್ಮ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು, ಅದು ಇಲ್ಲಿಯ ಹಳೆಯ ರೂಢಿ. ಅವನು ಮಾತ್ರ ಬಹಳ ಹೊತ್ತು ಮಾತಾಡಿದ. ಉಳಿತಾಯ ಎಂದ, ಪ್ರಜಾಪ್ರಭುತ್ವ ಎಂದ, ನೀವು ಹೇಳಿದ್ದನ್ನೇ ಮಾಡಿದ್ದೇವೆ ಎಂದ.

ಡೆಲ್ಬರ್ಟ್ ಮೈಕಿನ ತನಕ ನಡೆದ. ಅಷ್ಟಕ್ಕೇ ಏದುಸಿರು ಬಂದು ಮಾತು ಹೊರಡಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅವನ ಉಸಿರು ಇಡೀ ಸಭೆಗೆ ಕೇಳಿತು. ಹಸಿ ಮರಕ್ಕೆ ಮೊಂಡು ಗರಗಸ ಹಾಕಿದ ಹಾಗೆ.

"ಏನ್ ಕೇಳ್ಬೇಕೋ ಕೇಳಪ್ಪಾ," ಎಂದ ವಿಟೇಕರ್.

ಉಸಿರು, ಅಷ್ಟೆ.

"ಹುಷಾರಿಲ್ದಿದ್ರೆ ಕೂತ್ಕೊ. ಬರೆದು ಕಳ್ಸು, ನನ್ನ ಆಫೀಸ್ನೋರು ನೋಡ್ತಾರೆ."

"ಅವ್ರನ್ನಿನ್ನೂ ಮನೆಗ್ ಕಳ್ಸಿಲ್ವಾ?" ಎಂದಳು ವೆಲ್ಮಾ. ಅವಳ ಗಂಡ ಇದೇ ಧೂಳಿಗೆ ಹೋದವನು.

ಗಂಟೆ ಬಾರಿಸಿದರು. ಹೊತ್ತು ಮುಗಿಯಿತು, ಮುಂದಿನವರು ಬರಲಿ ಎಂದರು. ಮುಂದಿನವಳು ವೆಲ್ಮಾ.

"ನನ್ನ ಸರದೀನೂ ಅವ್ನಿಗೇ," ಎಂದಳು.

ಮತ್ತೆ ಗಂಟೆ. ನಾನೂ ನನ್ನದನ್ನು ಬಿಟ್ಟುಕೊಟ್ಟೆ. ನನ್ನ ನಂತರ ಓಡೆಲ್. ವಿಟೇಕರನ ಚುನಾವಣಾ ಫಲಕವನ್ನು ಇಂದಿಗೂ ಅಂಗಳದಿಂದ ಕಿತ್ತಿರದ ಮನುಷ್ಯ. ಅವನು ಟೋಪಿ ತೆಗೆದ.

"ನಂದೂ ಅವ್ನಿಗೇ."

"ಅವ್ನು ಏನೂ ಮಾತಾಡ್ತಾನೇ ಇಲ್ವಲ್ಲಪ್ಪಾ," ವಿಟೇಕರ್ ಬೆವರು ಒರೆಸಿಕೊಂಡ.

"ಮಾತಾಡ್ತಾನೇ ಇದಾನೆ ಸ್ವಾಮಿ," ಎಂದ ಓಡೆಲ್. " ಕೂತ್ಕೊಂಡ್ ಕೇಳಿ."

ವಿಟೇಕರ್ ಬಾಗಿಲ ಕಡೆ ನೋಡಿದ. ಓಡೆಲನ ಹಿಂದೆ ಸರದಿಗೆ ಕಾದವರ ಸಾಲು ಆ ಬಾಗಿಲನ್ನು ದಾಟಿ, ಶಾಲೆಯ ಅಂಗಳವನ್ನೂ ದಾಟಿ ನಿಂತಿತ್ತು.