ದಾರಿ ತಪ್ಪಿದವರ ಗಂಟೆ

ಪೆನ್ಯಾಕೋರ್ವಾ ಊರಿಗೆ ಬರಲು ಒಂದೇ ದಾರಿ, ಹೋಗಲೂ ಅದೇ ದಾರಿ. ಎರಡು ಕಮರಿಗಳ ನಡುವಿನ ಬಂಡೆಯ ಮೇಲೆ ಊರು ಕಟ್ಟಿದ ಅರಬರಿಗೆ ಶತ್ರುಗಳ ಭಯವಿತ್ತು. ಬೆಂಕಿಯ ವಿಚಾರ ಅವರ ತಲೆಗೆ ಹೊಳೆದಂತಿಲ್ಲ. ಇಗರ್ಜಿಯ ಬೀಗದಕೈ ಬಾಸಿಲಿಸಾಳ ಬಳಿ ಇರುತ್ತಿತ್ತು. ಬೇಸಿಗೆಯಲ್ಲಿ ಬರುವ ಪ್ರವಾಸಿಗರಿಗೆ ಅವಳು ಈ ಕಥೆಯನ್ನೇ ಹೆಮ್ಮೆಯಿಂದ ಹೇಳುತ್ತಿದ್ದಳು: ಅರಗೋನಿನ ಕ್ರೈಸ್ತ ರಾಜ ಇಡೀ ಚಳಿಗಾಲ ಕೆಳಗೆ ಬೀಡುಬಿಟ್ಟರೂ ಒಳಗೆ ಕಾಲಿಡಲಾಗಲಿಲ್ಲ, ಕೊನೆಗೆ ಬಾವಿ ಬತ್ತಿದ್ದಕ್ಕೆ ನಾವೇ ಬಾಗಿಲು ತೆಗೆದೆವು, ಅಂದಿನ ಕಾವಲುಗೋಪುರವೇ ಇಂದು ನಮ್ಮ ಗಂಟೆಗೋಪುರ. 'ನಾವೇ' ಎನ್ನುವಾಗ ಇವಳೇ ಖುದ್ದಾಗಿ ಹೋಗಿ ಅಗಳಿ ಸರಿಸಿದಳೇನೋ ಅನ್ನಿಸಬೇಕು.

ಆಗಸ್ಟಿನ ಆ ಮಧ್ಯಾಹ್ನ ದಕ್ಷಿಣದ ಪೈನ್ ಕಾಡಿಗೆ ಬೆಂಕಿ ಬಿತ್ತು. ಊಟದ ಹೊತ್ತಿಗೆ ಹೊಗೆ ಬೀದಿಗಿಳಿಯಿತು. ಮೇಯರ್ ಎಲಾದಿಯೊ ಮನೆಮನೆಯ ಬಾಗಿಲು ಬಡಿದು, ಮುದುಕರನ್ನು ಎತ್ತಿ ಹಾಕಿಕೊಂಡು, ಇಡೀ ಊರನ್ನು ವ್ಯಾನು ಟ್ರಾಕ್ಟರುಗಳಲ್ಲಿ ಸೇತುವೆ ದಾಟಿಸಿದ. ಉಳಿದವಳು ಬಾಸಿಲಿಸಾ ಒಬ್ಬಳೇ; ಕುರಿ ಕಾಯುವ ಗಂಡ ಹೆನಾರೊ ಇನ್ನೂ ಮನೆಗೆ ಬಂದಿರಲಿಲ್ಲ.

"ಬಾಸಿ ಅತ್ತೆ, ಜೀಪು ಹತ್ತು. ನಿನ್ನ ಕಾಲಿಗೆ ಬೀಳ್ತೀನಿ."

"ಹೆನಾರೊ ಆಚೆ ಮುವೆಲಾ ಗುಡ್ಡದ ಮೇಲಿದಾನೆ, ಕುರಿ ಜೊತೆ."

"ಫೋನ್ ಮಾಡು ಮತ್ತೆ!"

"ಮಾಡ್ದೆ. ನಮ್ಮ ಅಡುಗೆಮನೇಲೇ ರಿಂಗಾಯ್ತು. ಬ್ರೆಡ್ಡಿನ ಪಕ್ಕ ಇಟ್ಟು ಹೋಗಿದಾನೆ ಮಹಾರಾಜ."

"ಹುಟ್ಟಿದಾಗಿಂದ ಆ ಗುಡ್ಡ ತಿರುಗಿದಾನೆ. ಎಲ್ಲಾದರೂ ಇಳ್ಕೋತಾನೆ ಬಿಡು."

"ಈ ಹೊಗೇಲಿ ಅವನ ಮೂಗು ಅವನಿಗೇ ಕಾಣಲ್ಲ. ಅವನನ್ನ ಬಿಟ್ಟು ನಾನು ಹೋಗಲ್ಲ ಅಂತ ಅವನಿಗೆ ಗೊತ್ತು. ಆ ಕತ್ತೆಗೆ ಗೊತ್ತಿರೋದೇ ಅದೊಂದು. ಬಂದೇ ಬರ್ತಾನೆ."

ಅಷ್ಟು ಹೇಳಿ ಅವಳು ಸೆರಗಿನಂತೆ ಏಪ್ರನ್ನನ್ನು ಬಾಯಿಗೆ ಒತ್ತಿಕೊಂಡು ಗೋಪುರದ ಮೆಟ್ಟಿಲು ಹತ್ತಿದಳು. ಎಲಾದಿಯೊ ಬೈಯುತ್ತಲೇ ಹಿಂದೆ ಬಿದ್ದ.

ಪೆನ್ಯಾಕೋರ್ವಾದಲ್ಲಿ ಮಂಜು ಕವಿದು ಯಾರಾದರೂ ಹೊರಗೆ ಸಿಕ್ಕಿಕೊಂಡರೆ ದಾರಿ ತಪ್ಪಿದವರ ಗಂಟೆ ಹೊಡೆಯುತ್ತಾರೆ. ಒಂದು ಉದ್ದನೆಯ ಏಟು, ಅದರ ಸದ್ದು ಆರುವ ತನಕ ಮೌನ, ಮತ್ತೊಂದು ಏಟು. ಹೋದವರು ಹೊಸ್ತಿಲು ತುಳಿಯುವವರೆಗೆ ನಿಲ್ಲಿಸುವಂತಿಲ್ಲ. ಬಾಸಿಲಿಸಾ ಹಗ್ಗಕ್ಕೆ ಜೋತುಬಿದ್ದಳು. ಇಲ್ಲಿದೀನಿ ಬಾ, ಇಲ್ಲಿದೀನಿ ಬಾ ಎಂದು ಪ್ರತಿ ಏಟಿಗೂ ಹೊಟ್ಟೆಯೊಳಗಿನಿಂದ ಕೂಗಿಕೊಂಡಳು. ಅಂಗೈ ಸುಲಿದು ಹಗ್ಗ ಒದ್ದೆಯಾಯಿತು.

ಆಗ ಗಾಳಿ ತಿರುಗಿತು. ಗೋಪುರದ ಕಿಂಡಿಯಲ್ಲಿ ಹೊಗೆ ಒಮ್ಮೆ ಹರಿದು, ಕೆಳಗಿನ ಒಣ ಕಮರಿ ಕಂಡಿತು. ಗುಡ್ಡಕ್ಕೂ ಊರಿಗೂ ನಡುವಿನ ಕಮರಿ, ಹೆನಾರೊ ಇಳಿದು ಹತ್ತಿ ಬರಬೇಕಾದ ಕಮರಿ. ಅದರ ತಳದಲ್ಲಿ ಬೆಂಕಿ ಕಾಲುಚಾಚಿ ಮಲಗಿತ್ತು.

ಅವಳ ಕೈ ನಿಂತಿತು. ಗಂಡನನ್ನು ತಾನೇ ಕೈಯಾರೆ ಬೆಂಕಿಗೆ ಕರೆಯುತ್ತಿದ್ದಾಳೆ.

"ಸಾಕು ಅತ್ತೆ, ನಿಲ್ಲಿಸಿಬಿಡು. ಸದ್ದು ಕೇಳದಿದ್ರೆ ಬರಲ್ಲ," ಎಂದ ಎಲಾದಿಯೊ.

"ನಿಲ್ಲಿಸಿದ್ರೆ ನನಗೇನಾಯ್ತೋ ಅಂತ ಇನ್ನೂ ಜೋರಾಗಿ ಓಡಿ ಬರ್ತಾನೆ ಕಣೋ! ಬರಬೇಡ ಅನ್ನೋಕೆ ಈ ಊರಿನ ಗಂಟೆಗೆ ಬರಲ್ಲ. ಪೂಜೆಗೆ ಬಾ, ಬೆಂಕಿ ಆರಿಸೋಕೆ ಬಾ, ಹೆಣ ಹೊರೋಕೆ ಬಾ. ಬರೀ ಬಾ, ಬಾ!"

ಹಾಗೆ ಕಿರುಚುತ್ತಿದ್ದವಳು ತಟ್ಟನೆ ಆ ಹಗ್ಗ ಬಿಟ್ಟು ದೊಡ್ಡ ಗಂಟೆಯ ಹಗ್ಗ ಹಿಡಿದಳು. ಎರಡು ಏಟು ಹೊಡೆದು ಬಿಟ್ಟಳು. ಮತ್ತೆ ಎರಡು.

ಗಂಡಸು ಸತ್ತರೆ ಮೂರು, ಹೆಂಗಸು ಸತ್ತರೆ ಎರಡು. ಆ ಊರಿನ ಹಾಲುಗಲ್ಲದ ಮಕ್ಕಳಿಗೂ ಅದು ಗೊತ್ತು.

"ಯಾರತ್ತೆ ಸತ್ತಿದ್ದು?"

"ನಾನು," ಅಂದಳು ಬಾಸಿಲಿಸಾ.

ಮಗಳು ತೀರಿಕೊಂಡ ದಿನವೂ ಹೀಗೆ ಎರಡೇ ಬಿದ್ದಿದ್ದವು. ಅಂದು ಗುಡ್ಡದ ಮೇಲಿದ್ದ ಹೆನಾರೊ ಓಡಿ ಬರಲಿಲ್ಲ. ಕಾಲಲ್ಲಿ ಶಕ್ತಿಯುಡುಗಿ ಅಲ್ಲೇ ಕೂತುಬಿಟ್ಟಿದ್ದ. ಕುರಿಗಳು ತಮ್ಮ ಪಾಡಿಗೆ ಗುಡ್ಡದ ಆಚೆ ಮಗ್ಗುಲಿಗೆ ಇಳಿದಾಗ, ಎದ್ದು ಅವುಗಳ ಹಿಂದೆ ಹೋಗಿದ್ದ. ಮಣ್ಣು ಮಾಡುವ ಹೊತ್ತಿಗಷ್ಟೇ ಮನೆಗೆ ಬಂದ. ಅದಕ್ಕಾಗಿ ಬಾಸಿಲಿಸಾ ಅವನನ್ನು ಎಷ್ಟೋ ವರ್ಷ ಕ್ಷಮಿಸಿರಲಿಲ್ಲ. ಒಂದೇ ಮೇಜಿನಲ್ಲಿ ಕೂತು ಗೋಡೆಯ ಜೊತೆ ಮಾತಾಡಿದ್ದಳು. ಈಗ ಅವನ ಆ ಹೇಡಿತನವೊಂದನ್ನೇ ನೆಚ್ಚಿಕೊಂಡು ತನ್ನ ಸಾವಿನ ಗಂಟೆ ಹೊಡೆದಳು. ಕೂತ್ಕೋ, ಹೇಡಿ, ಕೂತ್ಕೋ. ಕುರಿ ಹಿಂದೆ ಹೋಗು. ಇಲ್ಲಿ ನಿನಗ್ಯಾರೂ ಇಲ್ಲ.

ಎಲಾದಿಯೊ ಅವಳ ಸೊಂಟ ಹಿಡಿದು ಎಳೆದೇ ಕೆಳಗಿಳಿಸಬೇಕಾಯಿತು. ಅವರ ಜೀಪು ಸೇತುವೆ ದಾಟುವಾಗ ದಂಡೆಯ ಪೊದೆಗಳು ಉರಿಯುತ್ತಿದ್ದವು. ಹೆನಾರೊ ಕೇಳಿಸಿಕೊಂಡನೋ ಇಲ್ಲವೋ, ಕೇಳಿಸಿಕೊಂಡು ಈ ಸಲ ಹೇಡಿಯಾಗದೆ ಓಡಿಬಂದನೋ ಎಂಬ ಯೋಚನೆಯಲ್ಲೇ ಅವಳು ದಾರಿಯುದ್ದಕ್ಕೂ ಹಿಂದಿನ ಹೊಗೆಯನ್ನು ತಿರುತಿರುಗಿ ನೋಡಿದಳು.

ಗುಡ್ಡವನ್ನು ಸುತ್ತುಹಾಕಿ ಆಚೆ ಕಡೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಉತ್ತು ಬಿಟ್ಟ ಹೊಲ, ಸುಡಲು ಒಂದು ಕಡ್ಡಿಯೂ ಇಲ್ಲದ ಬರೀ ಕೆಂಪು ಮಣ್ಣು. ಅದರ ನಡುವೆ ಕುರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅವುಗಳ ಮಧ್ಯೆ ಹೆನಾರೊ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಬೆಂಕಿ ಆರಿಸುವವರು ಇಬ್ಬರು ಅವನನ್ನು ಏಳಿಸಲು ನೋಡಿ, ಸೋತು, ದೂರ ನಿಂತಿದ್ದರು.

ಬಾಸಿಲಿಸಾ ಹೆಂಟೆಗಳ ಮೇಲೆ ಎಡವಿ ಬಿದ್ದು, ಎದ್ದು, ಅವನ ಮುಂದೆ ಹೋಗಿ ಕುಸಿದಳು. ಅವನು ತಲೆಯೆತ್ತಿದ. ಸಂತೋಷವಲ್ಲ, ಬೆಚ್ಚಿಬಿದ್ದವನ ಮುಖ. ಮಸಿ ಮೆತ್ತಿದ ಬೆರಳುಗಳಿಂದ ಅವಳ ಕೆನ್ನೆ, ಗದ್ದ, ಕಿವಿ ಎಲ್ಲವನ್ನೂ ಮುಟ್ಟಿ ನೋಡಿದ. ಅವಳ ಸುಲಿದ ಅಂಗೈಗಳನ್ನು ತಿರುಗಿಸಿ ನೋಡಿದಾಗ ಅವನಿಗೆ ಅರ್ಥವಾಯಿತು.

"ನೀನೇ ಹೊಡೆದ್ಯಾ?"

"ಹೂಂ. ಇನ್ನೇನು ಮಾಡ್ಲಿ?"

ಅವನು ಆ ಕೈಗಳನ್ನು ಬಿಡಲಿಲ್ಲ. ಮುಖ ಮಾತ್ರ ಆಚೆ ತಿರುಗಿಸಿಕೊಂಡ.

"ಎರಡು ಬಿತ್ತು. ಇನ್ನೊಂದು ಬೀಳ್ಲಿ, ಮೂರಾಗ್ಲಿ, ಅದು ನನಗೇ ಇರ್ಲಿ ಅಂತ ಕಾದೆ ಕಣೇ. ಉಸಿರು ಕಟ್ಕೊಂಡು ಕಾದೆ. ಬೀಳ್ಲೇ ಇಲ್ಲ."