ಮೊಣಕೈ ಎತ್ತು, ಮೊಣಕೈ ಇಳಿಸು

ಟೆನ್ನೆಸಿಯ ನಮ್ಮ ಪುಟ್ಟ ಊರಿನ ಬೇಸ್‌ಬಾಲ್ ತಂಡಕ್ಕೆ ಬಟ್ಟೆ ಒಗೆಯುವವನು ನಾನು. ಯಾರು ಓಡುತ್ತಾರೆ, ಯಾರು ಬರೀ ನಿಲ್ಲುತ್ತಾರೆ ಎಂಬುದನ್ನು ಪ್ಯಾಂಟು ನೋಡಿಯೇ ಹೇಳಬಲ್ಲೆ. ಆ ಜುಲೈನಲ್ಲಿ ಟಕರ್ ಹೋಲ್ಕಮ್‌ನ ಪ್ಯಾಂಟಿಗೆ ಮಣ್ಣೇ ಹತ್ತುತ್ತಿರಲಿಲ್ಲ. ಮೂವತ್ತೊಂದು ಸಲ ಬ್ಯಾಟು ಹಿಡಿದು ಹೋಗಿ ಮೂವತ್ತೊಂದು ಸಲವೂ ಔಟಾಗಿ ಬಂದಿದ್ದ. ಭಾನುವಾರವೂ ಹೀಗೇ ಆದರೆ ಗಂಟುಮೂಟೆ ಕಟ್ಟು ಎಂದು ಮ್ಯಾನೇಜರ್ ಡ್ರಿಸ್ಕಲ್ ಹೇಳಿಬಿಟ್ಟ.

ಹೇಳಿ ಸುಮ್ಮನಿದ್ದನೇ? ಬ್ಯಾಟಿಂಗ್ ಕೋಚ್ ಲೂಮಿಸ್ "ಮೊಣಕೈ ಎತ್ತು" ಎಂದರೆ ಇವನು "ಇಳಿಸು" ಎನ್ನುವನು. ಮೊಣಕೈ ಕೆಳಗಿಳಿಯದಿರಲೆಂದು ಅವನು ಹುಡುಗನ ಕಂಕುಳಲ್ಲಿ ಟವೆಲಿನ ಉಂಡೆ ಸಿಕ್ಕಿಸಿದರೆ ಇವನು ಕಿತ್ತೆಸೆಯುವನು. ಹುಡುಗನಿಗೆ ಅತ್ತ ದರಿ, ಇತ್ತ ಪುಲಿ. ಇಬ್ಬರೂ ತಮ್ಮ ಕಾಲದಲ್ಲಿ ಹೊಡೆದದ್ದು ಅಷ್ಟರಲ್ಲೇ ಇದೆ. ಅವರ ಪ್ಯಾಂಟೂ ನಾನೇ ಒಗೆದವನು.

ಶನಿವಾರ ಟಕರ್ ನನ್ನ ಕೋಣೆಗೆ ಬಂದು ಮಡಚಿಟ್ಟ ಬಟ್ಟೆಯ ಮೇಲೇ ಕೂತ.

"ಹ್ಯಾಂಕ್ ತಾತ, ನಿದ್ದೇಲೂ ಮೊಣಕೈ ಮೊಣಕೈ ಅಂತಿದೀನಂತೆ. ಹೆಂಡ್ತಿ ದಿಂಬು ಎತ್ಕೊಂಡು ಸೋಫಾಗೆ ಹೋದ್ಲು."

"ನನ್ನೇನ್ ಕೇಳ್ತೀಯೋ? ನಾನು ಸೋಪು ಹಾಕೋನು."

"ಅದಕ್ಕೇ ಬಂದೆ. ಈ ಊರಲ್ಲಿ ನಂಗೆ ಬುದ್ಧಿ ಹೇಳ್ದೇ ಇರೋನು ನೀನೊಬ್ನೇ."

ಬ್ಯಾಟು ಬೀಸುವಾಗ ಅವನು ಪಾದ ಇಡುವ ರೀತಿಯ ಬಗ್ಗೆ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ.

ಭಾನುವಾರದ ಆಟದಲ್ಲಿ ಅವನ ಕೊನೆಯ ಸರದಿ. ಲೂಮಿಸ್ "ಎತ್ತು" ಎಂದ, ಡ್ರಿಸ್ಕಲ್ "ಇಳಿಸು" ಎಂದ. ಎರಡನೇ ಚೆಂಡಿಗೆ ಟಕರ್ ಬ್ಯಾಟು ಬೀಸಿದ. ಮೊಣಕೈ ಎಲ್ಲಿತ್ತೋ ದೇವರಿಗೇ ಗೊತ್ತು, ಚೆಂಡು ಮಾತ್ರ ಬೇಲಿ ದಾಟಿ ಕಾರು ನಿಲ್ಲಿಸುವ ಜಾಗದಲ್ಲಿ ಬಿತ್ತು. ತಂಡಕ್ಕೆ ಬಂದು ಮೂರು ವರ್ಷಕ್ಕೆ ಅವನ ಮೊಟ್ಟಮೊದಲ ಹೋಮ್ ರನ್. ನಾನು ನಾಚಿಕೆಯಿಲ್ಲದೆ ಅತ್ತೆ.

ಮೊದಲ ಹೋಮ್ ರನ್ ಹೊಡೆದು ಬಂದವನನ್ನು ತಂಡದವರು ಸ್ವಲ್ಪ ಹೊತ್ತು ಮಾತಾಡಿಸುವುದಿಲ್ಲ, ಕಣ್ಣೆತ್ತಿಯೂ ನೋಡುವುದಿಲ್ಲ. ಅವನು ಪೆಚ್ಚಾದ ಮೇಲೆ ಎಲ್ಲರೂ ಒಟ್ಟಿಗೆ ಮೇಲೆ ಬಿದ್ದು ಅಪ್ಪುತ್ತಾರೆ. ಹಳೇ ತಮಾಷೆ. ಲೂಮಿಸ್ ಸೂರ್ಯಕಾಂತಿ ಬೀಜ ಕಡಿಯುತ್ತ ಕೂತ. ಡ್ರಿಸ್ಕಲ್ ಕಟ್ಟಿದ್ದ ಷೂ ಲೇಸನ್ನೇ ಮತ್ತೆ ಕಟ್ಟಿದ.

ಟಕರ್ ಪೆಚ್ಚಾಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಕೊನೆಗೆ ತಡೆಯಲಾರದೆ ಎಲ್ಲರೂ ಕೂಗುತ್ತ ಎದ್ದರು. ಅವನು ಕಣ್ಣು ತೆರೆಯದೆ ಕೈ ಅಡ್ಡ ಹಿಡಿದ.

"ಇನ್ನೊಂಚೂರು ಹೊತ್ತು ಹಿಂಗೇ ಸುಮ್ನಿರ್ರಪ್ಪ."