ಚಂದಮ್ಮನ ಮಾಳಿಗೆಯ ಆಂಟೆನಾ

ನಾನು ಒಂದು ಆಂಟೆನಾ. ಮೊದಲೇ ಹೇಳಿಬಿಡುತ್ತೇನೆ, ನಾನು ಮಹಾ ಪುಕ್ಕಲು. ಎತ್ತರವೆಂದರೆ ನನಗೆ ಜೀವವೇ ಬಾಯಿಗೆ ಬರುತ್ತದೆ. ಅಂಥ ನನ್ನನ್ನು ಎತ್ತರದಲ್ಲಿ ನಿಲ್ಲಿಸುವುದಕ್ಕೆಂದೇ ಮಾಡಿದರು, ಯಾರನ್ನು ದೂರಲಿ!

ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ಉದ್ದನೆಯ ಅಲ್ಯೂಮಿನಿಯಂ ಕೋಲು, ಅದಕ್ಕೆ ಅಡ್ಡಡ್ಡ ಕಡ್ಡಿಗಳು. ನೋಡಲು ಮೀನಿನ ಮುಳ್ಳಿನ ಹಾಗಿದ್ದೇನೆ. ಮೊಬೈಲ್ ಟವರಿನ ಕಡೆಗೆ ನನ್ನ ಮೂತಿ ನೆಟ್ಟಗೆ ತಿರುಗಿಸಿದರೆ ದೂರದ ಸಿಗ್ನಲ್ ಹಿಡಿದು, ಕೇಬಲ್ಲಿನಲ್ಲಿ ಮನೆಯೊಳಗಿನ ಪೆಟ್ಟಿಗೆಗೆ ಕಳಿಸುತ್ತೇನೆ; ಪೆಟ್ಟಿಗೆ ಅದನ್ನು ಫೋನಿಗೆ ಮುಟ್ಟಿಸುತ್ತದೆ. ತುಸು ಓರೆಯಾದರೆ ನನ್ನಿಂದ ಏನೂ ಆಗದು.

ಮೊದಲು ನನ್ನನ್ನು ಶಹಾಬಾದಿನ ಕಡೆಯ ಒಂದು ಹಾಸುಗಲ್ಲಿನ ಗಣಿಯ ಆಫೀಸಿಗೆ ಕೊಂಡೊಯ್ದರು. ಅಲ್ಲಿ ಒಂದು ಮಳೆಗಾಲ ಪಕ್ಕದ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ಮರ ಎರಡು ಹೋಳಾದದ್ದನ್ನು ಕಣ್ಣಾರೆ ಕಂಡೆ. ಅಂದಿನಿಂದ ಮೋಡ ಕಪ್ಪಾದರೆ ಸಾಕು, ನನ್ನ ಕಡ್ಡಿಕಡ್ಡಿಯೂ ನಡುಗುತ್ತದೆ. ಆಮೇಲೆ ಗಣಿ ನಿಂತಿತು. ಮುನ್ಷಿ ಖಾಜಾಸಾಬರು ನನ್ನನ್ನೂ ಪೆಟ್ಟಿಗೆಯನ್ನೂ ಬಿಚ್ಚಿ, ಅಲ್ಲೇ ಕಲ್ಲು ಒಡೆಯುತ್ತಿದ್ದ ಮರೆಪ್ಪನ ಕೈಗಿಟ್ಟರು. "ಒಯ್ಯೋ ಮರೆಪ್ಪ, ಮಗಳ ಮಾರಿ ನೆಟ್ಟಗ ಕಾಣ್ತದ" ಎಂದರು. ನನ್ನನ್ನು ಕಂಬಕ್ಕೆ ಬಿಗಿಯುವ ಕ್ಲ್ಯಾಂಪಿನ ಒಂದು ನಟ್ಟು ಮಾತ್ರ ಎಲ್ಲೋ ಬಿದ್ದುಹೋಗಿತ್ತು.

ಮರೆಪ್ಪನ ಹೆಂಡತಿ ಚಂದಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಿಯಲ್ಲಿ ಮಾತಿಲ್ಲ. ಮಗಳು ಸುಗಲಾಳಿಗೂ ಹಾಗೆಯೇ, ರಾಯಚೂರಿನಲ್ಲಿರುವ ಅಳಿಯನಿಗೂ ಹಾಗೆಯೇ. ಅವರ ಮಾತೆಲ್ಲ ಕೈಯಲ್ಲಿ. ಫೋನಿನಲ್ಲಿ ಮಾತಾಡಬೇಕಾದರೆ ವಿಡಿಯೊ ಬೇಕು. ಮನೆಯ ಮುಂದೆ ಗಣಿಯ ಚೂರುಗಲ್ಲಿನ ಗುಡ್ಡೆ ಅಡ್ಡವಿದ್ದುದರಿಂದ ವಿಡಿಯೊದಲ್ಲಿ ಮಗಳ ಕೈ ಅರ್ಧ ಮಾತಿಗೇ ನಿಂತುಬಿಡುತ್ತಿತ್ತು. ಸುಗಲಾ ಚೊಚ್ಚಲ ಬಸುರಿ ಬೇರೆ. ಸೀಮಂತದ ಕುಬಸ ಮಾಡಿ ತವರಿಗೆ ಕರೆತರಲು ಇನ್ನೂ ದಿನವಿತ್ತು.

ಮರೆಪ್ಪನ ಮೊಣಕಾಲು ಕೆಟ್ಟಿತ್ತು. ಹಾಗಾಗಿ ಚಂದಮ್ಮನೇ ನನ್ನನ್ನು ಹೊತ್ತು ಏಣಿ ಹತ್ತಿದಳು. ಹಳೆಯ ಟಿವಿ ಕಂಬಕ್ಕೆ ನನ್ನನ್ನು ಸಿಕ್ಕಿಸಿ ಮೆಲ್ಲಗೆ ತಿರುಗಿಸತೊಡಗಿದಳು. ಅಂಗಳದಲ್ಲಿ ಮರೆಪ್ಪ ಫೋನು ನೋಡುತ್ತಿದ್ದ. ಸಿಗ್ನಲ್ ಸಿಕ್ಕಿತು! ಅಷ್ಟರಲ್ಲಿ ಚಂದಮ್ಮ ಮಾಳಿಗೆಯ ಅಂಚಿನಿಂದ "ಬಂತೇನು?" ಎಂದು ಕೇಳಿದಳು. ಕೇಳಬೇಕಾದರೆ ಅವಳಿಗೆ ಎರಡೂ ಕೈ ಬೇಕು. ನನ್ನನ್ನು ಬಿಟ್ಟಳು. ನಾನು ಗಿರ್ರನೆ ತಿರುಗಿ, ಇನ್ನೇನು ಕೆಳಗೆ ಬಿದ್ದು ನುಚ್ಚುನೂರಾದೆ ಎಂದುಕೊಂಡೆ. "ಬಂದಿತ್ತು, ಹೋಯ್ತು" ಎಂದ ಮರೆಪ್ಪ, ಅವನೂ ಕೈಯಲ್ಲೇ. ಮತ್ತೆ ತಿರುಗಿಸಿದಳು, ಮತ್ತೆ ಸಿಕ್ಕಿತು, ಮತ್ತೆ ಕೇಳಲು ಕೈ ಬಿಟ್ಟಳು. ಇದೇ ಆಟ ಎಷ್ಟು ಹೊತ್ತು ನಡೆಯಿತೋ! ಕೊನೆಗೆ ಮರೆಪ್ಪನಿಗೆ ಹೊಳೆಯಿತು. ನಗುತ್ತ ಕೈಯಾಡಿಸಿದ: "ಕೇಳಬ್ಯಾಡ, ಸುಮ್ನ ಹಿಡಿ. ಬಂದ್ರ ನಾನೇ ಹೇಳ್ತೀನಿ." ನಟ್ಟು ತರುವ ತನಕ ಇರಲೆಂದು ಸೈಕಲ್ ಟ್ಯೂಬಿನ ಪಟ್ಟಿಯಿಂದ ನನ್ನನ್ನು ಬಿಗಿದಳು. ಆ ರಬ್ಬರಿನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಬರಲಿಲ್ಲ.

ನಟ್ಟು ತರುವ ಮೊದಲೇ ಮರುದಿನ ಮಧ್ಯಾಹ್ನ ಕರೆ ಬಂತು. ಸುಗಲಾಳಿಗೆ ತಿಂಗಳು ಮುಂಚೆಯೇ ಹೆರಿಗೆ ನೋವು ಎದ್ದಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಮಾತು ಅವಳಿಗೆ ತಿಳಿಯದು, ಅಳಿಯನಿಗೂ ತಿಳಿಯದು. ಬಾಯಿಯ ಮಾತು, ಕೈಯ ಮಾತು ಎರಡೂ ಬಲ್ಲವನು ಮರೆಪ್ಪನೊಬ್ಬನೇ. ಅವರ ಮಾತು, ಅವರ ಕೈ, ಎಲ್ಲವೂ ನನ್ನ ಮೈಮೇಲೆ ಹಾದು ಹೋಗುತ್ತಿತ್ತು.

"ಕೂಸಿನ ಎದೆಬಡಿತ ಕಮ್ಮಿ ಆಗ್ಲಿಕತ್ತದ. ಆಪರೇಷನ್ ಮಾಡಬೇಕು" ಎಂದರು ಡಾಕ್ಟರಮ್ಮ. "ಬೆನ್ನಿಗಿ ಸೂಜಿ ಹಾಕಬೇಕು, ಆಕಿ ಅಂಜಿ ಒದ್ದಾಡ್ಲಿಕತ್ಯಾಳ. ಅಲುಗಾಡಬ್ಯಾಡ ಅಂತ ತಿಳಸ್ರಿ."

ಆಗಲೇ ಗಾಳಿ ಎದ್ದಿತು. ಗುಡ್ಡೆಯ ಹಿಂದಿನಿಂದ ಕಪ್ಪು ಮೋಡ ಏರಿ ಬಂತು. ಟ್ಯೂಬು ಜಾರಿತು, ನಾನು ಓರೆಯಾದೆ. ಕೆಳಗೆ ಮಗಳ ಮುಖ ಚೂರುಚೂರಾಗಿ ನಿಂತುಹೋಯಿತು. ಚಂದಮ್ಮ ಒಂದು ಸಲ ಆ ಮುಖ ನೋಡಿದಳು, ಏಣಿಗೆ ಓಡಿದಳು. ಮರೆಪ್ಪ ಕೈ ಮೇಲೆತ್ತುವ ತನಕ ನನ್ನನ್ನು ತಿರುಗಿಸಿ, ಎರಡೂ ತೋಳಿನಿಂದ ಕಂಬದ ಸಮೇತ ಅಪ್ಪಿ ನಿಂತುಬಿಟ್ಟಳು. ಮರೆಪ್ಪ ಫೋನಿನೊಡನೆ ಪಡಸಾಲೆಗೆ ಸರಿದ. ಇನ್ನು ಅವಳಿಗೆ ಮಗಳು ಕಾಣುವಂತಿರಲಿಲ್ಲ, ಕೈ ಬಿಟ್ಟು ಏನಾಯಿತೆಂದು ಕೇಳುವಂತೆಯೂ ಇರಲಿಲ್ಲ.

ಗುಡುಗಿತು. ನನಗೆ ಆ ಬೇವಿನ ಮರ ನೆನಪಾಯಿತು. ಅವ್ವಾ, ಬಿಡು, ಇಳಿದು ಹೋಗು, ನಾನು ಲೋಹದವನು, ನನ್ನ ಜೊತೆ ನೀನೂ ಸುಟ್ಟುಹೋಗುತ್ತೀ ಎಂದು ಒಳಗೊಳಗೇ ಕೂಗಿಕೊಂಡೆ. ಅವಳಿಗೆ ಗುಡುಗು ಕೇಳಿಸಲಿಲ್ಲ ಎನ್ನಬೇಡಿ. ಮಾಳಿಗೆಯ ಕಲ್ಲಿನ ನಡುಕ ಅವಳ ಅಂಗಾಲಿಗೆ ತಿಳಿಯುತ್ತಿತ್ತು. ಪ್ರತಿ ಸಲವೂ ಅವಳ ಅಪ್ಪುಗೆ ಇನ್ನಷ್ಟು ಬಿಗಿಯಾಗುತ್ತಿತ್ತು. ಅವಳ ಎದೆ ನನಗಿಂತ ಜೋರಾಗಿ ನಡುಗುತ್ತಿತ್ತು. ಆದರೂ ನನ್ನ ಮೂತಿ ಕೂದಲೆಳೆಯಷ್ಟೂ ಅಲುಗಾಡಲಿಲ್ಲ. ಅಲ್ಲಿ ನರ್ಸ್ ಹಿಡಿದ ಫೋನಿನಲ್ಲಿ ಅಪ್ಪನ ಕೈ ನೋಡುತ್ತ ಸುಗಲಾಳೂ ಬೆನ್ನು ಬಾಗಿಸಿ ಅಲುಗಾಡದೆ ಕುಳಿತಳು.

ಸೂಜಿ ಹಾಕಿದ್ದಾಯಿತು, ಅಲ್ಲಿಂದ ಕರೆ ಮುಗಿಸಿದರು. ಅದು ಚಂದಮ್ಮನಿಗೆ ಹೇಗೆ ಗೊತ್ತಾಗಬೇಕು? ಮಳೆ ಸುರಿಯಿತು, ಅವಳು ಬಿಡಲಿಲ್ಲ. ಮರೆಪ್ಪ ಕೆಟ್ಟ ಮೊಣಕಾಲಿನಲ್ಲೇ ಏಣಿ ಹತ್ತಿ ಬಂದ. "ಇಳಿ, ಸಾಕು" ಎಂದು ಕೈ ಮಾಡಿದ. ಅವಳು ತಲೆಯಾಡಿಸಿ ಒಲ್ಲೆನೆಂದಳು. ಇಬ್ಬರೂ ಒದ್ದೆಯಾಗುತ್ತ ಅಲ್ಲೇ ಉಳಿದರು. ಮರೆಪ್ಪನ ಅಂಗಿಯೊಳಗೆ ಫೋನು ಮತ್ತೆ ನಡುಗಿದಾಗ ಅವನು ಬಗ್ಗಿ ನೋಡಿದ. ಆಮೇಲೆ ಎರಡೂ ತೋಳು ಕೂಡಿಸಿ ತೂಗಿದ: ಕೂಸು. ಜಡೆ ತೋರಿಸಿದ: ಹೆಣ್ಣು. ಎದೆಯ ಮೇಲೆ ಕೈಯಿಟ್ಟು ನಕ್ಕ: ಇಬ್ಬರೂ ಆರಾಮ.

ಚಂದಮ್ಮ ಕೈ ಬಿಟ್ಟಳು. ಎಷ್ಟೊಂದು ಮಾತಾಡಿದಳು ಆ ಕೈಗಳಲ್ಲಿ! ನಾನು ಗಾಳಿಗೆ ಗಿರಗಿರನೆ ತಿರುಗುತ್ತ, ಹೆದರುತ್ತ, ನೋಡುತ್ತಲೇ ಇದ್ದೆ.

ಈಗ ಊರಿಗೆ ಹತ್ತಿರದಲ್ಲೇ ಟವರು ಬಂದಿದೆ. ನಾನು ಹಿತ್ತಲಿನಲ್ಲಿ ಹೀರೆಬಳ್ಳಿಗೆ ಆಸರೆಯಾಗಿ ನಿಂತಿದ್ದೇನೆ, ನೆಲದಿಂದ ಒಂದಾಳು ಎತ್ತರ, ಅಷ್ಟೆ. ರಜೆಗೆ ಬರುವ ಮೊಮ್ಮಗಳು ನನ್ನ ಕಡ್ಡಿಗೆ ಒಂದು ಕೈಯಲ್ಲಿ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಅಜ್ಜಿಗೆ ಏನೋ ಹೇಳಲು ನೋಡುತ್ತಾಳೆ. ಅರ್ಧ ಮಾತು ಅಜ್ಜಿಗೆ ತಿಳಿಯುವುದಿಲ್ಲ. ಎರಡೂ ಕೈಯಲ್ಲಿ ಹೇಳು ಎಂದು ಚಂದಮ್ಮ ನಗುತ್ತಾಳೆ. ಹುಡುಗಿ ನನ್ನನ್ನು ಬಿಡುತ್ತಾಳೆ. ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ. ಆದರೆ ಅವಳು ಹಿಡಿದೇ ಇರಲಿ ಎಂದು ಮಾತ್ರ ನನಗೆ ಒಮ್ಮೆಯೂ ಅನ್ನಿಸಿಲ್ಲ.